ಚಾವಿ ತಗದೀರೇನ್ರಿ?

ಎಳ್ಳಮಾವಾಸ್ಯೆಯ ದಿನ ಅಸುಂಡಿಯಲ್ಲಿ ಕೋಳಿಗಿಂತ ಮೊದಲು ಕೂಗುವುದು ಹೊಳೆಯಪ್ಪನವರ ಫೋನು. ಇನ್ನೂ ಮಬ್ಬುಗತ್ತಲು. ಕಟ್ಟೆಯ ಮೇಲೆ ಕುಳಿತು ಮೊಪೆಡ್ಡಿಗೆ ಬ್ಯಾಟರಿ ಬಿಗಿಯುತ್ತಿದ್ದ ಅವರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ನಮಸ್ಕಾರಕ್ಕೂ ಮೊದಲು ಕೇಳುವ ಮಾತು ಒಂದೇ.

"ಚಾವಿ ತಗದೀರೇನ್ರಿ?"

ಆ ಕಡೆಯಿಂದ ಸಣ್ಣ ದನಿ: "ಇಲ್ರಿ. ನಿನ್ನಿ ಸಂಜಿಯಿಂದ ಹಂಗ ಐತಿ."

ಅಂತೂರ ಬೆಂತೂರ ಊರಿನ ಸಕ್ರಪ್ಪನ ಹಳೆಯ ಟ್ರ್ಯಾಕ್ಟರು ಸುಮ್ಮನಾಗಿದೆ. ಹೊಳೆಯಪ್ಪ ಹೊರಡಲು ಎದ್ದರೆ ಒಳಗಿನಿಂದ ಅವರ ಹೆಂಡತಿ ಮರಿಯವ್ವ ರೊಟ್ಟಿ ಬಡಿಯುತ್ತಲೇ ಹೇಳುತ್ತಾರೆ: "ಈ ಸಲ ಊಟದ ಹೊತ್ತಿಗೆ ಹೊಲಕ್ಕ ಬರಲಿಲ್ಲಂದ್ರ ನಿಮ್ಮ ಬುತ್ತಿ ಎತ್ತಿಗೆ ಇಡ್ತೀನಿ ನೋಡ್ರಿ."

"ಬರ್ತೀನಿ. ಈ ಸಲ ಖರೇನ ಬರ್ತೀನಿ," ಎಂದು ಹೊಳೆಯಪ್ಪ, ಅವರ ಹಬ್ಬದ ದಿನವನ್ನು ನೋಡಿ ಬರೆಯಲು ಬಂದ ನನ್ನತ್ತ ನೋಡುತ್ತಾರೆ, ಸಾಕ್ಷಿಗೆ.

ಮೊಪೆಡ್ಡಿನ ಹಿಂದೆ ನಾನು, ನನ್ನ ತೊಡೆಯ ಮೇಲೆ ಸಾಮಾನಿನ ಚೀಲ, ನನ್ನ ಬೆನ್ನಿಗೆ ಒತ್ತಿಕೊಂಡು ಬ್ಯಾಟರಿ. ಹೊಳೆಯಪ್ಪ ಟ್ರ್ಯಾಕ್ಟರುಗಳ ವೈರಿಂಗ್ ಮೇಸ್ತ್ರಿ. ವಯಸ್ಸು ಐವತ್ತು ದಾಟಿದೆ. ಅಂಗಿಯ ತುಂಬ ಬ್ಯಾಟರಿಯ ಆ್ಯಸಿಡ್ ಕೊರೆದ ತೂತು. ಹೊಸ ಅಂಗಿ ಹೊಲಿಸಿದರೂ ತಿಂಗಳಲ್ಲಿ ಜರಡಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಿಂದ ಕರೆದರೂ ಹೋಗುತ್ತಾರೆ. ಬ್ಯಾಟರಿ ಎತ್ತಿ ಎತ್ತಿ ಸೊಂಟ ಹಿಡಿದಿದೆ. ಅದರ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ.

ಮೊದಲು ಗದಗಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರಂತೆ. ಕೇಳುವವರು ಕಡಿಮೆಯಾಗಿ ಅಂಗಡಿ ಮುಚ್ಚಿತು. ಒಂದಷ್ಟು ದಿನ ಕೈ ಖಾಲಿ, ಹೊಟ್ಟೆಯೂ ಹೆಚ್ಚುಕಡಿಮೆ ಖಾಲಿ. ಆಮೇಲೆ ಗ್ಯಾರೇಜೊಂದರಲ್ಲಿ ವೈರು ಹಿಡಿದರು. "ರೇಡಿಯೊ ಕೆಟ್ರ ಮನ್ಯಾಗ ಒಬ್ರು ಕಾಯ್ತಾರ್ರಿ. ಟ್ರ್ಯಾಕ್ಟರ್ ಕೆಟ್ರ ಓಣಿನ ಕಾಯ್ತೈತಿ," ಎನ್ನುತ್ತಾರೆ.

ಆ ಮಾತು ಸಕ್ರಪ್ಪನ ಅಂಗಳದಲ್ಲಿ ನಿಜವಾಗುತ್ತದೆ. ಟ್ರೇಲರಿನ ತುಂಬ ಇಳಕಲ್ ಸೀರೆಗಳು, ಮಕ್ಕಳು, ಬುಟ್ಟಿಗಳು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಕರಿಗಡಬಿನ ವಾಸನೆಗೆ ನನ್ನ ಹೊಟ್ಟೆಯೇ ಮಾತಾಡಲು ಶುರುಮಾಡಿತು. ಬೆಳೆದು ನಿಂತ ಜೋಳ, ಕಡಲೆಯ ಹೊಲಕ್ಕೆ ಹೋಗಿ, ಮೊದಲ ತುತ್ತು ಭೂಮಿಗೆ ಚೆಲ್ಲಿ, ಆಮೇಲೆ ತಾವು ಉಣ್ಣುವ ಚರಗದ ಹಬ್ಬ ಇದು. ಎಲ್ಲ ಸಿದ್ಧ, ಎಳೆಯುವ ಟ್ರ್ಯಾಕ್ಟರೊಂದನ್ನು ಬಿಟ್ಟು. ಅದು ಗೋಡೆಗೆ ಮೂತಿ ಹಚ್ಚಿ ನಿಂತಿದೆ. ನೂಕಿ ಚಾಲೂ ಮಾಡೋಣವೆಂದರೆ ಜಾಗವಿಲ್ಲ.

ಆದದ್ದು ಇಷ್ಟು. ಹಿಂದಿನ ಸಂಜೆ ಟ್ರ್ಯಾಕ್ಟರ್ ತೊಳೆದು ಪೂಜೆ ಮಾಡಿದ್ದಾರೆ. ಚಾವಿ ತಿರುವಿದರೆ ಮೀಟರಿನಲ್ಲಿ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಸಕ್ರಪ್ಪನ ತಾಯಿ ಸಾವಂತ್ರೆವ್ವನ ಲೆಕ್ಕದಲ್ಲಿ ಅದು ಟ್ರ್ಯಾಕ್ಟರಿನ ನಂದಾದೀಪ. ಪೂಜೆಗೆ ಹಚ್ಚಿದ ದೀಪವನ್ನು ಯಾರಾದರೂ ಆರಿಸುತ್ತಾರೆಯೇ? ಅಜ್ಜಿ ಚಾವಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ತಾನೇ ಆರಿತ್ತು.

"ಭೂಮಿತಾಯಿ ಈ ವರ್ಷ ನಮ್ಮ ತುತ್ತು ಒಲ್ಲೆ ಅಂದಾಳಪಾ," ಎಂದು ಹೊಸ್ತಿಲಲ್ಲಿ ಕೂತ ಸಾವಂತ್ರೆವ್ವ ಕಣ್ಣೊರೆಸಿಕೊಳ್ಳುತ್ತಾರೆ.

ಹೊಳೆಯಪ್ಪ ತಮ್ಮ ಬ್ಯಾಟರಿ ಜೋಡಿಸಿ ಚಾವಿ ತಿರುವುತ್ತಾರೆ. ದೀಪವಿಲ್ಲ, ಸದ್ದಿಲ್ಲ. ಸಕ್ರಪ್ಪನ ಮುಖ ಸಪ್ಪಗಾಗುತ್ತದೆ. ಹೊಳೆಯಪ್ಪ ಚಾವಿಯ ಸ್ವಿಚ್ಚನ್ನೇ ಬಿಚ್ಚಿ ಮೂಗಿಗೆ ಹಿಡಿದು, ನನಗೂ ಮೂಸಲು ಕೊಡುತ್ತಾರೆ. ಸುಟ್ಟ ವಾಸನೆ. "ದೀಪ ಸಣ್ಣದ್ರಿ. ಅದರ ಹಿಂದ, ಓಡೋ ಮುಂದ ಬ್ಯಾಟರಿ ತುಂಬೋ ಆಲ್ಟರ್ನೇಟರ್, ನಿಂತಲ್ಲೇ ರಾತ್ರಿಯೆಲ್ಲಾ ಬ್ಯಾಟರಿ ಕರೆಂಟ್ ಕುಡದೈತಿ. ಸ್ವಿಚ್ಚಿನ ಹಿತ್ತಾಳಿ ಮೊದಲ ಸಡ್ಲ ಇತ್ತು, ಬಿಸಿಯಾಗಿ ಸುಟ್ಟೈತಿ," ಎಂದು ಮೆಲ್ಲಗೆ ಹೇಳುತ್ತಾರೆ, ಅಜ್ಜಿಗೆ ಕೇಳದಷ್ಟು ಮೆಲ್ಲಗೆ.

ಮರಳು ಕಾಗದದಿಂದ ಉಜ್ಜಿ, ವೈರಿನ ತುದಿ ಬದಲಿಸಿ, ಬಿಗಿ ಮಾಡಿ ಕೂರಿಸುತ್ತಾರೆ. ಆಮೇಲೆ ಎಂಜಿನ್ ಚಾಲೂ ಮಾಡದೆ ಮೊದಲು ಅಜ್ಜಿಯನ್ನು ಕರೆಯುತ್ತಾರೆ. "ಯವ್ವಾ, ಇಲ್ಲಿ ಬಂದ ನೋಡ್ರಿ." ಕೆಂಪು ದೀಪ ಹೊತ್ತಿದೆ. ಅಜ್ಜಿ ಕೈ ಮುಗಿದ ಮೇಲೆಯೇ ಎಂಜಿನ್ನು ಗುಡುಗುತ್ತದೆ, ಟ್ರೇಲರಿನಲ್ಲಿ ನಗೆ ಏಳುತ್ತದೆ. 

ಇಷ್ಟಕ್ಕೇ ಮುಗಿಯಲಿಲ್ಲ. ಚೀಲದಿಂದ ಒಂದು ಪುಟ್ಟ ಕೆಂಪು ಬಲ್ಬು, ಅದಕ್ಕೊಂದು ಟಾರ್ಚಿನ ಸೆಲ್ಲು ತೆಗೆದು ಮೀಟರಿನ ಪಕ್ಕ ಕೂರಿಸುತ್ತಾರೆ. ಇಂಥ ದೀಪಗಳನ್ನು ಹಬ್ಬಕ್ಕೆ ಮೊದಲೇ ಮಾಡಿಟ್ಟುಕೊಂಡಿರುತ್ತಾರೆ. "ಮುಂದಿನ ಹಬ್ಬಕ್ಕ ಇದನ್ನ ಹಚ್ರಿ. ಚಾವಿ ತಗದು ಸೆರಗಿಗೆ ಕಟ್ಕೊರ್ರಿ."

"ಇದಕ್ಕೂ ಕುಂಕುಮ ಹಚ್ಚಲೇನು?"

"ಹಚ್ರಿ. ಸ್ವಿಚ್ಚಿಗಿ ಮಾತ್ರ ಬ್ಯಾಡ."

ಅಜ್ಜಿಗೆ ನಿಜ ಹೇಳಬಹುದಿತ್ತಲ್ಲ ಎಂದು ದಾರಿಯಲ್ಲಿ ಕೇಳಿದೆ. "ಆಕಿ ದೀಪ ಹಚ್ಚಿದ್ದು ತಪ್ಪಲ್ರಿ. ಟ್ರ್ಯಾಕ್ಟರ್ ಮಾಡಿದವ್ರಿಗೆ ಎಳ್ಳಮಾಸಿ ಗೊತ್ತಿರಲಿಲ್ಲ, ಅಷ್ಟ."

ದಾರಿಯಲ್ಲೇ ಮತ್ತೆರಡು ಕರೆ, ಮತ್ತೆರಡು ಅಂಗಳ. ಪ್ರತಿ ಮನೆಯಲ್ಲೂ ಒಂದು ಬುತ್ತಿಯ ಗಂಟು ಕಟ್ಟಿ ಹ್ಯಾಂಡಲಿಗೆ ತೂಗುಹಾಕುತ್ತಾರೆ. ಹೀಗೆ ಊರವರ ಕಡುಬು ಹೊತ್ತು, ತಮ್ಮ ಹೊಲದ ಊಟ ತಪ್ಪಿಸಿಕೊಂಡು, ಕತ್ತಲಾದ ಮೇಲೆ ಮನೆ ಸೇರುವುದು ಇವರ ಪ್ರತಿ ವರ್ಷದ ಹಬ್ಬ. "ಒಮ್ಮೆರ ಮನಿಯವ್ರ ಜೋಡಿ ಕುಂತು ಉಣ್ಣಬೇಕಂತ ಆಸೆ ಐತ್ರಿ," ಎನ್ನುತ್ತಾ ಹೊಳೆಯಪ್ಪ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿ ಮೊಪೆಡ್ಡಿನ ಕಿವಿ ಹಿಂಡುತ್ತಾರೆ.

ಹೊಲ ಮುಟ್ಟಿದಾಗ ಮರಿಯವ್ವ ಬುಟ್ಟಿಯ ಅರಿವೆ ಬಿಚ್ಚದೆ ಕಾಯುತ್ತಿದ್ದಾರೆ. ಎತ್ತುಗಳ ಕಣ್ಣು ಬುಟ್ಟಿಯ ಮೇಲೇ ಇದೆ. ಹೊಳೆಯಪ್ಪ ಜೋಳದ ಸಾಲಿಗೆ ಚರಗ ಚೆಲ್ಲಿ ಬಂದು, ಚಕ್ಕಳಮಕ್ಕಳ ಹಾಕಿ ಕೂತು, ರೊಟ್ಟಿ ಮುರಿಯುತ್ತಾರೆ. ಫೋನು ಕೂಗುತ್ತದೆ.

ಮುರಿದ ರೊಟ್ಟಿ ಕೈಯಲ್ಲೇ ನಿಲ್ಲುತ್ತದೆ. ಅವರು ಫೋನು ನೋಡುತ್ತಾರೆ, ತಾಟು ನೋಡುತ್ತಾರೆ, ಒಂದು ಮೊಣಕಾಲು ಎತ್ತಿಯೂ ಬಿಡುತ್ತಾರೆ. ಅಷ್ಟರಲ್ಲಿ ಮರಿಯವ್ವ ಫೋನನ್ನು ಎತ್ತಿಕೊಂಡಾಗಿದೆ.

"ಚಾವಿ ತಗದೀರೇನ್ರಿ?" ಎನ್ನುತ್ತಾರೆ ಅವರು, ಗಂಡನದೇ ಧಾಟಿಯಲ್ಲಿ. "ಹಾಡು ಕೇಳಾಕ ಬಿಟ್ಟಿದ್ರೇನು? ಆತು. ಹೊಲದಾಗ ಇಳಿಜಾರು ಐತಿಲ್ಲ? ಎಲ್ಲಾರೂ ಕೂಡಿ ನೂಕ್ರಿ, ಓಡೋ ಮುಂದ ಗೇರ್ ಹಾಕಿ ಕ್ಲಚ್ ಬಿಡ್ರಿ. ಅವ್ರು ಊಟಕ್ಕ ಕುಂತಾರ. ನಾ ಫೋನ್ ಹಿಡದಿರ್ತೀನಿ, ನೂಕ್ರಿ."

ನಾವೆಲ್ಲ ಫೋನಿನತ್ತ ಕಿವಿಗೊಟ್ಟು ಕೂತಿದ್ದೇವೆ. ಗದ್ದಲ, ಏದುಸಿರು, ಯಾರೋ ಬಿದ್ದು ನಕ್ಕ ಸದ್ದು. ಆಮೇಲೆ ಎಂಜಿನ್ನಿನ ಸದ್ದು. ಹೊಳೆಯಪ್ಪ ಎತ್ತಿದ ಮೊಣಕಾಲು ಇಳಿಸಿ, ರೊಟ್ಟಿಯನ್ನು ಎಣ್ಣೆಗಾಯಿಗೆ ಅದ್ದುತ್ತಾರೆ.

"ನಾ ಚಾಲೂ ಮಾಡಿದ್ದು ಎಷ್ಟೋ ಅದಾವ್ರಿ," ಎನ್ನುತ್ತಾರೆ ಬಾಯಿ ತುಂಬಿಕೊಂಡೇ. "ತಾಟು ಬಿಟ್ಟು ಏಳಲಾರದ ಚಾಲೂ ಆಗಿದ್ದು ಇದೊಂದ."