ತಲೆಯೊಳಗಿನ ಎರಡು ವರ್ಷಗಳು

ನನ್ನ ಹೆಂಡತಿಯ ತಂಗಿಯ ಮಗಳನ್ನು ನಮ್ಮ ಮನೆಮಂದಿಯೆಲ್ಲ ಕರೆಯುವುದು ಕಡ್ಡಿ ಎಂದು. ಹುಟ್ಟಿದಾಗ ಅಷ್ಟು ಸಣ್ಣಗಿದ್ದಳು. ಬೆಳೆದ ಮೇಲೂ ಆ ಹೆಸರಿಗೆ ಮೋಸ ಮಾಡಲಿಲ್ಲ. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೆಲವು ವರ್ಷ ಕೂತು ಬೇಸತ್ತು, ಇಪ್ಪತ್ತಾರನೆಯ ವಯಸ್ಸಿನಲ್ಲಿ ಆಡಿಟರ್ ಕಚೇರಿಯೊಂದಕ್ಕೆ ಅಪ್ರೆಂಟಿಸ್ ಆಗಿ ಸೇರಿದಳು. ಹಗಲು ತೆರಿಗೆಯ ಕೆಲಸ, ಸಂಜೆ ಪರೀಕ್ಷೆಗಾಗಿ ತೆರಿಗೆಯ ಓದು. ಕಚೇರಿ ನಮ್ಮ ಮನೆಗೆ ಹತ್ತಿರವಿದ್ದುದರಿಂದ ನಮ್ಮಲ್ಲೇ ಉಳಿದಳು.

ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕಚೇರಿ. ಕಿಟಕಿಯ ಕಟ್ಟೆಯ ಮೇಲೂ ಫೈಲುಗಳನ್ನು ಪೇರಿಸಿದ್ದರಿಂದ ಕಿಟಕಿ ತೆರೆಯುವ ಹಾಗಿರಲಿಲ್ಲ. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಒಂದು ಮೇಜಿನ ಮೇಲೆ ಹಳೆಯ ಬೀಗ, ಇನ್ನೊಂದರ ಮೇಲೆ ಹಿಡಿ ಮುರಿದ ಕಪ್ಪು. ಎಲ್ಲರೂ ಆಡಿಟರಮ್ಮ ಎಂದು ಕರೆಯುವ ಯಜಮಾನಿ ಒಳಗಿನ ಕೋಣೆಯಲ್ಲಿ ಕೂತೇ ಹೊರಗಿನ ಪಿಸುಮಾತನ್ನು ಕೇಳಿಸಿಕೊಳ್ಳಬಲ್ಲವರು. ನನ್ನ ಪಿಂಚಣಿಯ ತೆರಿಗೆ ರಿಟರ್ನ್ ತುಂಬುವುದೂ ಅಲ್ಲೇ.

ನಾನು ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನು. ಲೋಪಸಂಧಿ ನಾನು ಕೆಲಸಕ್ಕೆ ಸೇರಿದ ದಿನ ಹೇಗಿತ್ತೋ ನಿವೃತ್ತನಾದ ದಿನವೂ ಹಾಗೆಯೇ ಇತ್ತು. ಕಡ್ಡಿಯ ವಿದ್ಯೆ ಅಂಥದಲ್ಲವೆಂದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಕಚೇರಿಯಲ್ಲಿ ಈ ವರ್ಷ ಕೂತು ಲೆಕ್ಕ ಹಾಕುವುದು ಹೋದ ವರ್ಷದ ಆದಾಯಕ್ಕೆ. ಅದಕ್ಕೆ ಹೋದ ವರ್ಷದ ನಿಯಮವೇ ಅನ್ವಯಿಸಬೇಕು. ಪರೀಕ್ಷೆಯ ಪುಸ್ತಕದಲ್ಲಿ ಇರುವುದೋ ಈ ವರ್ಷದ ತಿದ್ದುಪಡಿಯಾದ ನಿಯಮ. ಹಗಲೆಲ್ಲ ಯಾವುದನ್ನು ಸರಿಯೆಂದು ಬರೆದಳೋ ಸಂಜೆ ಅದೇ ತಪ್ಪು.

ಕಡ್ಡಿ ಎರಡನ್ನೂ ಕಲಸಿಕೊಂಡಳು. ನಮ್ಮ ಬೀದಿಯ ಹಲ್ಲಿನ ಡಾಕ್ಟರ ಹೋದ ವರ್ಷದ ರಿಟರ್ನಿನಲ್ಲಿ, ಯಂತ್ರ ಕೊಂಡವರಿಗೆ ಈ ವರ್ಷದಿಂದಷ್ಟೇ ಜಾರಿಗೆ ಬಂದ ರಿಯಾಯಿತಿಯನ್ನು ಬರೆದುಬಿಟ್ಟಳು. ಕಳಿಸುವ ಮುಂಚೆ ಆಡಿಟರಮ್ಮ ಹಿಡಿದರು.

"ಡಾಕ್ಟ್ರಿಗೆ ಮುಂದಿನ ವರ್ಷದ ಹಲ್ಲು ಈಗ್ಲೇ ಕಟ್ಟಿಬಿಟ್ಯಲ್ಲ ತಾಯಿ" ಎಂದರಂತೆ.

ಪರೀಕ್ಷೆಯಲ್ಲಿ ಇದರ ತಿರುವುಮುರುವು. ಕಚೇರಿಯಲ್ಲಿ ರೂಢಿಯಾದ ಹಳೆಯ ನಿಯಮವನ್ನೇ ಬರೆದು ಬಂದಳು. ಎರಡು ಸಲ ಹಾಗೇ ನಪಾಸಾದಳು. ಆಗ ಆಡಿಟರಮ್ಮ ಬಾಗಿಲು ಹಾಕಿಕೊಂಡು ಹೇಳಿದರು: "ನೀನು ಕೆಲಸಗಳ್ಳಿ ಅಲ್ಲ, ಅದು ನಂಗೊತ್ತು. ಆದ್ರೆ ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ."

ಬಟ್ಟೆ ಅಂಗಡಿಗೆ ಮರಳುವುದೆಂದರೆ ಅವಳಿಗೆ ಉಸಿರು ಕಟ್ಟಿದ ಹಾಗೆ. ಮೂರನೆಯ ದಿನ ತಾನೇ ಒಂದು ದಾರಿ ಹುಡುಕಿಕೊಂಡಳು. ಬೆಳಿಗ್ಗೆ ತುರುಬು ಕಟ್ಟಿ ಕಚೇರಿಗೆ ಹೋಗುವಳು. ತುರುಬಿದ್ದಷ್ಟು ಹೊತ್ತು ಹೋದ ವರ್ಷ. ಸಂಜೆ ಬಂದು ತುರುಬು ಬಿಚ್ಚಿ, ಮುಖ ತೊಳೆದು, ಜಡೆ ಹೆಣೆದುಕೊಂಡು ಓದಲು ಕೂರುವಳು. ಅದು ಈ ವರ್ಷ. ನಾನು ಮೊದಲು ಮಕ್ಕಳಾಟವೆಂದುಕೊಂಡೆ. ಒಂದು ಸಂಜೆ ಸುಮ್ಮನಿರಲಾರದೆ ನನ್ನ ರಿಟರ್ನಿನ ವಿಷಯ ಕೇಳಿದೆ.

"ದೊಡ್ಡಪ್ಪ, ಅದನ್ನ ಬೆಳಿಗ್ಗೆ ಕೇಳಿ. ಈಗ ನಂಗೆ ಗೊತ್ತಿಲ್ಲ."

"ನಿನ್ನೆ ತಾನೆ ನೀನೇ ತುಂಬಿದ್ದು."

"ತುರುಬಲ್ಲಿದ್ದೋಳು ತುಂಬಿದ್ದು."

"ಬಿಡಿ, ಅವಳನ್ಯಾಕೆ ಕೆಣಕ್ತೀರಿ" ಎಂದಳು ನನ್ನಾಕೆ. "ನಿಮಗೆ ಒಂದು ವರ್ಷದ್ದೇ ನೆನಪಿರಲ್ಲ."

ತಿಂಗಳುಗಟ್ಟಲೆ ಹೀಗೆ ನಡೆಯಿತು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹಲ್ಲಿನ ಡಾಕ್ಟರು ನಮ್ಮ ಗೇಟಿನ ಮುಂದೆ ಬಂದು ನಿಂತರು. ಆಗಷ್ಟೇ ಟಿವಿಯಲ್ಲಿ ಸರ್ಕಾರದ ಹೊಸ ಪ್ರಕಟಣೆ ಬಂದಿತ್ತು. ಯಂತ್ರದ ರಿಯಾಯಿತಿ ಮತ್ತೆ ಬದಲಾಗಿತ್ತು. ಅವರು ಇನ್ನೊಂದು ಯಂತ್ರ ಕೊಳ್ಳುವವರಿದ್ದರು. ಸಂಜೆಯೊಳಗೆ ಹೇಳಬೇಕೆಂದು ಮಾರುವವನು ಪಟ್ಟು ಹಿಡಿದಿದ್ದ. ಆಡಿಟರಮ್ಮ ವಿಮಾನದಲ್ಲಿದ್ದರು, ಫೋನು ಸಿಗುತ್ತಿರಲಿಲ್ಲ.

"ಡಾಕ್ಟ್ರೇ, ನಾಳೆ ಅವಳ ಪರೀಕ್ಷೆ. ಮನೇಲಿ ಯಾರೂ ಇಲ್ಲ ಅಂದ್ಕೊಳ್ಳಿ" ಎಂದಳು ನನ್ನಾಕೆ, ಗೇಟಿಗೆ ಅಡ್ಡ ನಿಂತು.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಕಡ್ಡಿ ಜಡೆ ಬಿಚ್ಚಿಕೊಳ್ಳುತ್ತಲೇ ಹೊರಗೆ ಬಂದಳು. ತುರುಬು ಕಟ್ಟಲಿಲ್ಲ. ಹರಡಿದ ಕೂದಲಿನಲ್ಲೇ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಆ ಪ್ರಕಟಣೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ನಾವು ಮೂವರೂ ನಿಂತೇ ಇದ್ದೆವು. ಎರಡು ವರ್ಷಗಳನ್ನು ಬೇರೆ ಮಾಡಲು ಇಷ್ಟು ಪಾಡುಪಟ್ಟವಳ ತಲೆಗೆ ಈಗ ಮೂರನೆಯದು ಇಳಿಯುತ್ತಿತ್ತು.

"ಹೋದ ವರ್ಷ ಕೊಂಡಿದ್ದಕ್ಕೆ ಏನೂ ಇಲ್ಲ, ಅದು ಬಿಡಿ" ಎಂದಳು ತಲೆಯೆತ್ತಿ. "ಈ ತಿಂಗಳ ಕೊನೆವರೆಗೆ ಪೂರ್ತಿ ರಿಯಾಯಿತಿ. ಮುಂದಿನ ತಿಂಗಳಿಂದ ಅರ್ಧ. ಆದ್ರೆ ಕೊಂಡ್ರೆ ಸಾಲದು, ಈ ತಿಂಗಳೇ ಯಂತ್ರ ಕೆಲಸಕ್ಕೆ ಬಿದ್ದಿರಬೇಕು."

"ತಂದು ಇಟ್ಟಿದ್ರೆ ಆಗಲ್ವಾ?"

"ಆಗಲ್ಲ. ಒಬ್ಬರ ಬಾಯಾದ್ರೂ ಅದರಲ್ಲಿ ನೋಡಿರಬೇಕು."

"ಹಾಗಾದ್ರೆ ಮೇಷ್ಟ್ರನ್ನೇ ಕೂರಿಸ್ತೀನಿ."

"ನಮ್ಮೋರಿಗೆ ಹಲ್ಲೆಲ್ಲಿದೆ ಡಾಕ್ಟ್ರೇ, ಬರೀ ನಾಲಿಗೆ" ಎಂದಳು ನನ್ನಾಕೆ.

ಕಡ್ಡಿ ನಗಲಿಲ್ಲ. "ಇದು ನಂಗೆ ತಿಳಿದಷ್ಟು. ಆಡಿಟರಮ್ಮ ಇಳಿದು ಹೂಂ ಅನ್ನೋವರೆಗೆ ಸಹಿ ಹಾಕ್ಬೇಡಿ" ಎಂದಳು. ಸಂಜೆ ಆಡಿಟರಮ್ಮ ವಿಮಾನ ಇಳಿದ ಕೂಡಲೇ ಡಾಕ್ಟರಿಗೆ ಹೂಂ ಎಂದರು. ಒಂದು ಮಾತನ್ನೂ ತಿದ್ದಲಿಲ್ಲವಂತೆ.

ಮಾರನೆಯ ದಿನ ಪರೀಕ್ಷೆಯಲ್ಲಿ ಬಂದದ್ದು ಅದೇ ರಿಯಾಯಿತಿಯ ಪ್ರಶ್ನೆ. ಡಾಕ್ಟರ ಬದಲು ಮುದ್ರಣಾಲಯದವನು, ಅಷ್ಟೇ. ಪುಸ್ತಕದ ಪ್ರಕಾರ ಪೂರ್ತಿ ರಿಯಾಯಿತಿ ಎಂದು ಬರೆಯಬೇಕಿತ್ತು. ಹಾಗೆ ಬರೆದಳೋ, ಹಿಂದಿನ ದಿನ ಓದಿದಂತೆ ಅರ್ಧವೆಂದು ಬರೆದಳೋ, ಹೊರಗೆ ಬಂದ ಮೇಲೆ ಅವಳಿಗೇ ನೆನಪಾಗಲಿಲ್ಲ.

"ಬರೆಯೋವಾಗ ಗೊತ್ತಿತ್ತು ದೊಡ್ಡಪ್ಪ" ಎನ್ನುತ್ತಿದ್ದಳು. ಫಲಿತಾಂಶ ಬರುವವರೆಗೂ ಊಟದ ನಡುವೆ ಅದೇ ಮಾತು. ಡಾಕ್ಟರಿಗೆ ಉತ್ತರ ಹೇಳಬಾರದಿತ್ತು ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ನಾನು ಅವಳ ಜೊತೆ ಔಷಧಿ ಅಂಗಡಿಯವರೆಗೆ ನಡೆದು ಹೋಗಿದ್ದೆ. ಮೆಟ್ಟಿಲ ಬುಡದಲ್ಲಿ ಫೋನು ನೋಡಿದಳು. ಗೋಡೆಗೆ ಒರಗಿದಳು. ಮತ್ತೆ ನೋಡಿದಳು.

"ಆಯ್ತು" ಎಂದಳು. "ಪಾಸು."

ಅವಳ ತಲೆಯ ಮೇಲೆ ಕೈಯಿಟ್ಟೆ. ಅಷ್ಟು ಚಿಕ್ಕ ತಲೆ.

"ದೊಡ್ಡಪ್ಪ, ತಮಾಷೆ ಗೊತ್ತಾ?" ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾನು ಪಾಸಾದ ನಿಯಮ ಮೊನ್ನೆ ಒಂದನೇ ತಾರೀಖಿಗೇ ಹೋಯ್ತು."

"ಮತ್ತೇನು ಮಾಡ್ತೀಯಮ್ಮ?"

"ಹೊಸದು ಓದ್ತೀನಿ" ಎಂದು ಮೆಟ್ಟಿಲು ಹತ್ತಿದಳು.