ಬಿಗಿ ಗಂಟಿನೊಳಗೆ ಅವ್ವನ ದನಿ

ಅವ್ವನ ಹಾಡೆಲ್ಲ ತಂಗಿಯ ಪಾಲಾಯಿತು ಎಂಬ ಹೊಟ್ಟೆಕಿಚ್ಚು ನನಗೆ ಅವ್ವ ಇದ್ದಾಗಿನಿಂದಲೂ ಇತ್ತು. ಗಡಿಯಾಚೆ, ಉಮರ್ಗಾ ಹತ್ತಿರದ ದಾಳಿಂಬ ಎಂಬ ಹಳ್ಳಿ ನಮ್ಮ ತವರು. ನಮ್ಮದು ಅಯ್ಯನವರ ಮನೆ. ಭಕ್ತರ ಮನೆಯಲ್ಲಿ ಕೂಸು ಹುಟ್ಟಿದರೆ ಅಪ್ಪ ಲಿಂಗ ಕಟ್ಟಲು ಹೋಗುತ್ತಿದ್ದ, ಹೆಸರಿಡುವ ದಿನ ಅವ್ವ ತೊಟ್ಟಿಲ ಹಾಡು ಹಾಡಲು ಹೋಗುತ್ತಿದ್ದಳು. ಹೊಲದಲ್ಲಿ, ಬಜಾರಿನಲ್ಲಿ ಮರಾಠಿ ಆಡುವವರಿಗೂ ತೊಟ್ಟಿಲ ಮುಂದೆ ಅವ್ವನ ಕನ್ನಡವೇ ಬೇಕು. ನಾನು ಮರಾಠಿ ಶಾಲೆಯಲ್ಲಿ ಕಲಿತು, ಮರಾಠಿ ಶಾಲೆಯಲ್ಲೇ ಕಲಿಸಿ, ನಿಲಂಗಾದಲ್ಲಿ ಮನೆ ಮಾಡಿದವಳು. ಅವ್ವನ ಬೆನ್ನು ಹತ್ತಿ ಮನೆಮನೆ ತಿರುಗಿದ್ದು ತಂಗಿ.

ಸಾಲದ್ದಕ್ಕೆ ಕಡೆಯ ವರ್ಷ ಅವ್ವ ಔಷಧೋಪಚಾರಕ್ಕೆಂದು ಉದಗೀರದಲ್ಲಿ ತಂಗಿಯ ಮನೆಯಲ್ಲೇ ಇದ್ದಳು. ತಂಗಿ ಒಂದೊಂದೇ ಹಾಡು ಹೇಳಿಸಿ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು. ಹಾಡು ಅವಳ ಬಾಯಲ್ಲೂ ಇತ್ತು, ಅವಳ ಹೊಸ ಲ್ಯಾಪ್‌ಟಾಪಿನಲ್ಲೂ ಇತ್ತು. ನನ್ನ ಪಾಲಿಗೆ ಬಂದದ್ದು ಅವ್ವನ ಒಂದು ಇಳಕಲ್ ಸೀರೆ.

ಅವ್ವ ಹೋದ ಮರುವರ್ಷ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಹೆಸರಿಡುವುದು ನಮ್ಮ ಮನೆಯಲ್ಲಿ, ಹಾಡಬೇಕಾದವಳು ಕೂಸಿನ ಅಜ್ಜಿ, ಅಂದರೆ ನಾನು. ನನಗೋ ಮೊದಲ ಕೆಲವು ಸಾಲು ಬಿಟ್ಟರೆ ಮುಂದಿನದು ಬಾರದು.

"ಟೆನ್ಶನ್ ಘೇವೂ ನಕೋ ಅಕ್ಕಾ, ಚಿಂತಿ ಮಾಡಬ್ಯಾಡ, ನಾನೇ ಬಂದು ಹಾಡ್ತೀನಿ" ಎಂದಳು ತಂಗಿ ಫೋನಿನಲ್ಲಿ.

ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ನ ಮನೆಯಲ್ಲಿ, ನನ್ನ ಮೊಮ್ಮಗಳ ತೊಟ್ಟಿಲ ಮುಂದೆಯೂ ಇವಳೇ ಹಾಡಬೇಕೇ ಎಂದು ಮೈ ಉರಿಯಿತು.

"ಏನೂ ಬ್ಯಾಡ. ಅವ್ವನ ರೆಕಾರ್ಡ್ ಕಳಸು. ನಾ ಕಲೀತೀನಿ" ಎಂದೆ.

ಉದಗೀರದಿಂದ ಬರುವ ಎಸ್.ಟಿ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಬಂತು. ಅದರ ಮುಚ್ಚಳದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೆನ್‌ಡ್ರೈವ್. ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ಎಂದೋ ಕೊಂಡ ಕಂಪ್ಯೂಟರ್ ನಮ್ಮ ಪಡಸಾಲೆಯಲ್ಲಿದೆ. ಅದಕ್ಕೆ ಚುಚ್ಚಿ ನೋಡಿದರೆ ಒಳಗಿದ್ದುದು ಒಂದೇ ಒಂದು ದೊಡ್ಡ ಫೈಲು. ಎಲ್ಲ ಹಾಡುಗಳನ್ನೂ ಒತ್ತಿ ಒಂದೇ ಗಂಟು ಕಟ್ಟಿದ್ದಳು. ಬಿಚ್ಚಲು ಹೋದರೆ, ಹಸಿರು ಪಟ್ಟಿ ಒಂದು ಗೆರೆ ಕೂಡ ಸರಿಯುವ ಮೊದಲೇ, ಮೆಮೊರಿ ಸಾಲದು ಎಂದು ಪರದೆಯ ಮೇಲೆ ಬಂತು.

ನಾನೇನು ಸೋಲುವವಳಲ್ಲ. ತೆರೆದದ್ದನ್ನೆಲ್ಲ ಮುಚ್ಚಿದೆ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಪೆನ್‌ಡ್ರೈವಿನಿಂದ ಬಿಚ್ಚುವ ಬದಲು ಫೈಲನ್ನು ಒಳಗೆ ನಕಲು ಮಾಡಿಕೊಂಡು ಬಿಚ್ಚಿದೆ. ಬಿಚ್ಚುವ ಸಾಫ್ಟ್‌ವೇರ್ ಹಳೆಯದೇನೋ ಎಂದು ಹೊಸದು ಹಾಕಿದೆ. ಎಲ್ಲವೂ ಬೇಡ, ತೊಟ್ಟಿಲ ಹಾಡೊಂದನ್ನಾದರೂ ಕೊಡು ಎಂದು ಅದೊಂದನ್ನೇ ಆರಿಸಿ ಒತ್ತಿದೆ. ಡಿಸ್ಕಿನಲ್ಲಿ ಖಾಲಿ ಇದ್ದ ಜಾಗವನ್ನೇ ಮೆಮೊರಿಯ ಹಾಗೆ ಬಳಸಿಕೊಳ್ಳಲು ಬಿಟ್ಟುಕೊಟ್ಟೆ. ಪ್ರತಿ ಸಲವೂ ಅದೇ ಮಾತು. ಹಾಡುಗಳ ಹೆಸರುಗಳು ಮಾತ್ರ ಸಾಲಾಗಿ ಕಾಣುತ್ತಿದ್ದವು, ಮೂಗಿಗೆ ತುಪ್ಪ ಸವರಿದ ಹಾಗೆ.

ಬಜಾರಿನ ಅಂಗಡಿಗೆ ಒಯ್ಯಬಹುದಿತ್ತು. ಆದರೆ ಅವ್ವನ ದನಿ ಮೊದಲು ಅಂಗಡಿಯ ಗಿರಾಕಿಗಳ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು. ತೆರೆಯಲಾಗದಂತೆ ತಂಗಿ ಬೇಕೆಂದೇ ಕಟ್ಟಿದ್ದಾಳೆ ಎಂಬ ಅನುಮಾನ ಬೇರೆ. ಫೈಲಿನ ವಿವರ ತೆಗೆದು ಓದಿದಾಗ ಕಾರಣ ತಿಳಿಯಿತು. ಒತ್ತುವಾಗ ಎಷ್ಟು ಮೆಮೊರಿ ಹಾಸಿಕೊಂಡು ಒತ್ತಿರುತ್ತದೋ ಬಿಚ್ಚುವಾಗಲೂ ಅಷ್ಟೇ ಬೇಕಂತೆ. ಕೌದಿ ಎಷ್ಟೇ ಸಣ್ಣಗೆ ಮಡಚಿದ್ದರೂ ಹಾಸಲು ಅದರಷ್ಟೇ ನೆಲ ಬೇಕಲ್ಲ, ಹಾಗೆ. ತಂಗಿ ಒತ್ತುವಾಗ ಎಲ್ಲಕ್ಕಿಂತ ಬಿಗಿಯಾದ ಬಗೆಯನ್ನು ಆರಿಸಿದ್ದಳು. ಅಷ್ಟು ನೆಲ ನನ್ನ ಹಳೆಯ ಕಂಪ್ಯೂಟರಿನಲ್ಲಿ ಇರಲಿಲ್ಲ. ಇನ್ನು ಅವಳನ್ನು ಕೇಳದೆ ಗತಿಯಿರಲಿಲ್ಲ.

"ನೀ ಬಿಗದ್ದು ಬಿಚ್ಚವಲ್ದು" ಎಂದೆ. "ಸಡಿಲ ಕಟ್ಟಿ ಕಳಸು. ಒಂದೊಂದು ಹಾಡು ಬ್ಯಾರೆ ಬ್ಯಾರೆ ಇರಲಿ."

"ಪೆನ್‌ಡ್ರೈವ್‌ದಾಗ ಹಿಡೀಲಿಲ್ಲಕ್ಕಾ. ಒಂದೂ ಬಿಡಬಾರದಂತ ಹಂಗ ಬಿಗದೀನಿ. ಬುತ್ತಿ ಬಿಗಿ ಕಟ್ಟಬೇಕಂತ ಅವ್ವನೇ ಹೇಳ್ತಿದ್ಲಲ್ಲ." ಫೋನ್ ಇಡುವ ಮೊದಲು, "ಅದ್ರಾಗ ಮಾತೂ ಅವ. ಹಾಡಷ್ಟೇ ಕೇಳು, ಮಾತು ಕೇಳಬ್ಯಾಡ" ಎಂದಳು.

ಉರಿಯುವ ಒಲೆಗೆ ಎಣ್ಣೆ ಹೊಯ್ದಂತಾಯಿತು. ನನ್ನನ್ನು ಹೊರಗಿಟ್ಟು ಅವ್ವ ಮಗಳು ಅದೇನು ಗುಟ್ಟು ಮಾತಾಡಿದ್ದರು? ತಂಗಿ ಸಡಿಲ ಕಟ್ಟಿ ಕಳಿಸಿದ ದೊಡ್ಡ ಪೆನ್‌ಡ್ರೈವ್ ಬಂದ ಮಧ್ಯಾಹ್ನ ನನ್ನ ಮಗಳೂ ಕೂಸೂ ಮಲಗಿದ್ದರು. ನಾನು ಹಾಡಿಗಿಂತ ಮೊದಲು ಮಾತನ್ನೇ ಹುಡುಕಿದೆ.

ತೊಟ್ಟಿಲ ಹಾಡು ಶುರುವಾಯಿತು. ಅವ್ವ ಒಂದು ಸಾಲು, ತಂಗಿ ಒಂದು ಸಾಲು. ಕೂಸಿನ ಹೆಸರು ಬರುವ ಜಾಗದಲ್ಲಿ ಅವ್ವ ನಿಲ್ಲಿಸಿದಳು.

"ಹಂಗಲ್ಲ. ದೊಡ್ಡಾಕಿ ಇಲ್ಲಿ ದನಿ ಹ್ಯಾಂಗ ಇಳಸ್ತಿದ್ಲು, ಹಂಗ ಇಳಸು."

"ಅಕ್ಕ ಯಾವಾಗ ಹಾಡ್ಯಾಳ ಅವ್ವಾ?"

"ನೀ ತೊಟ್ಟಿಲದಾಗ ಇದ್ದಾಗ ಆಕೀನೇ ತೂಗ್ತಿದ್ಲು. ನೀ ಆಕಿ ದನೀಗೇ ಮಲಗ್ತಿದ್ದಿ. ನಾ ಹಾಡಿದ್ರ ಅಳತಿದ್ದಿ."

ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಆದದ್ದು ಖುಷಿ. ನನಗೆ ಮರೆತೇ ಹೋಗಿದ್ದ ನನ್ನ ಹಾಡನ್ನು ಅವ್ವ ಇಷ್ಟು ವರ್ಷ ಇಟ್ಟುಕೊಂಡಿದ್ದಳು. ತಂಗಿ ಮತ್ತೆ ಹಾಡಿದಳು. ಹಂಗಲ್ಲ, ಎಂದಳು ಅವ್ವ. ಮುಂದಿನ ಹಾಡು ತೆರೆದೆ, ಅಲ್ಲೂ ದೊಡ್ಡಾಕಿಯ ಮಾತೇ. ತಂಗಿ ತಾನು ಬೈಸಿಕೊಂಡ ಒಂದು ಮಾತನ್ನೂ ಅಳಿಸಿರಲಿಲ್ಲ. ಅವ್ವನಿಗೆ ಅನ್ನ ಕಲಸಿ ತಿನ್ನಿಸಿದವಳು ಅವಳು, ಹೊಗಳಿಸಿಕೊಂಡವಳು ನಾನು. ಕೇಳುತ್ತಾ ಹೋದಂತೆ ಆ ಖುಷಿ ನನಗೇ ಬೇಡವಾಯಿತು.

ಹೆಸರಿಡುವ ದಿನ ತಂಗಿ ಬಂದಳು. "ಮಾತು ಕೇಳ್ದೇನಕ್ಕಾ?" ಎಂದು ಮೆಲ್ಲಗೆ ಕೇಳಿದಳು.

"ಹಾಡಷ್ಟೇ ಕೇಳ್ದೆ" ಎಂದೆ. ಅವಳು ನಂಬಲಿಲ್ಲ.

ತೊಟ್ಟಿಲ ಆಚೆ ಅವಳು, ಈಚೆ ನಾನು ನಿಂತೆವು. ಪದ್ಧತಿಯಂತೆ ಕೂಸನ್ನು ತೊಟ್ಟಿಲ ಕೆಳಗಿನಿಂದ ಅವಳಿಗೆ ಕೊಟ್ಟೆ, ಮೇಲಿನಿಂದ ಅವಳು ನನಗೆ ಕೊಟ್ಟಳು. ಮಲಗಿಸಿ, ತೂಗುತ್ತಾ ಹಾಡಿದೆ. ಸಾಲುಗಳೆಲ್ಲ ತಪ್ಪಿಲ್ಲದೆ ಬಂದವು. ಹೆಸರಿನ ಜಾಗದಲ್ಲಿ ಮಾತ್ರ ದನಿ ಇಳಿಯಲಿಲ್ಲ. ಇಳಿಸಲು ನೋಡಿದಷ್ಟೂ ಒಡೆಯಿತು. ಕೂಸು ಮುಖ ಕಿವುಚಿ ಅಳತೊಡಗಿತು. ಹಗ್ಗ ಹಿಡಿದಿದ್ದ ತಂಗಿ ನನ್ನ ಮುಖ ನೋಡಿದಳು. ನಾನು ಬಗ್ಗಿ ಕೂಸಿನ ಹೊದಿಕೆ ಸರಿಮಾಡಿದೆ. ಆ ಸಾಲನ್ನು ಅವಳು ಎತ್ತಿಕೊಂಡಳು. ಅವ್ವ ಬೇಡಿದ್ದ ಜಾಗದಲ್ಲಿ, ಅವ್ವ ಬೇಡಿದ್ದ ಹಾಗೆಯೇ ದನಿ ಇಳಿಯಿತು.

ಆಗಲೂ ನನ್ನ ಹೊಟ್ಟೆ ಉರಿಯಿತು. ಅದು ನನ್ನ ದನಿ. ಈಗ ಅದು ಇರುವುದು ಅವಳ ಗಂಟಲಲ್ಲಿ ಮಾತ್ರ, ಮತ್ತು ಕೂಸು ಅದಕ್ಕೇ ಮಲಗಿತು.