ಅಕ್ಕನ ಎಡಗೈ ಹೆಬ್ಬೆರಳು

ನಮ್ಮ ರಜಾಯಿ ಕಾರ್ಖಾನೆಯಲ್ಲಿ ಎಲ್ಲರೂ ನನ್ನ ಅಕ್ಕನನ್ನು ಕರೆಯುತ್ತಿದ್ದುದು ಮೂಲೆ ಅಕ್ಕ ಎಂದೇ. ಬೇರೆಯವರನ್ನು ಮೂಲೆಗೆ ತಳ್ಳಿದರೆ ಅವಮಾನ, ನಮ್ಮ ಅಕ್ಕನಿಗೆ ಅದೇ ಮರ್ಯಾದೆ. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ರಜಾಯಿಯ ಸುತ್ತ ಅಂಚುಪಟ್ಟಿ ಹೊಲಿದು ನಾಲ್ಕು ಮೂಲೆ ತಿರುಗಿಸುವುದು.

ಕೇಳಲು ಸುಲಭ. ಅಂಚು ಇನ್ನೂ ಒಂದು ಉಗುರಿನಷ್ಟು ದೂರ ಇರುವಾಗಲೇ ಮಿಷನ್ ನಿಲ್ಲಿಸಬೇಕು. ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಚಿ, ಮತ್ತೆ ನೇರವಾಗಿ ಕೆಳಕ್ಕೆ ಮಡಚಿ, ಅಲ್ಲಿಂದ ಹೊಸದಾಗಿ ಹೊಲಿಗೆ ಶುರು ಮಾಡಬೇಕು. ಆಮೇಲೆ ಪಟ್ಟಿಯನ್ನು ಹಿಂಬದಿಗೆ ಹೊರಳಿಸಿ, ಮೂಲೆಯ ಓರೆ ಮಡಿಕೆಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೈಹೊಲಿಗೆ ಹಾಕಬೇಕು. ಉತ್ಸಾಹದಲ್ಲಿ ಅಂಚಿನವರೆಗೂ ಹೊಲಿದುಬಿಟ್ಟರೆ ಮೂಲೆ ತಿರುಗುವುದೇ ಇಲ್ಲ, ಮೂತಿ ಊದಿಸಿಕೊಂಡು ಕೂರುತ್ತದೆ. ಪಕ್ಕದ ಮೇಜಿನಲ್ಲಿ ಕೂತ ನಾನು ಹತ್ತಕ್ಕೆ ಮೂರು ಬಿಚ್ಚಿ ಹೊಲಿಯುತ್ತಿದ್ದೆ. ಅಕ್ಕ ಬಿಚ್ಚಿದ್ದನ್ನು ನಾನು ನೋಡಿಲ್ಲ.

ಭಾವ ತೀರಿಕೊಂಡ ವಾರಕ್ಕೇ ಅಕ್ಕ ಕೆಲಸಕ್ಕೆ ಬಂದಳು. ಅತ್ತಿರಲಿಲ್ಲ. ಕಲ್ಲು ಮನಸ್ಸು ಎಂದವರೂ ಇದ್ದರು. ಜನರ ಬಾಯಿಗೆ ಬೀಗ ಹಾಕುವವರು ಯಾರು? ಒಂದು ದಿನ ನಾನೇ ಕೇಳಿದೆ.

"ಏನೂ ಅನ್ಸಲ್ಲ ಕಣೇ," ಎಂದಳು. "ತಿಂತೀನಿ, ಹೊಟ್ಟೆ ತುಂಬುತ್ತೆ. ಮಲಗ್ತೀನಿ, ಬೆಳಗಾಗುತ್ತೆ. ಅಷ್ಟೇ."

ಮನೆಯಲ್ಲಿ ರೇಡಿಯೊ ಹಾಕುವುದನ್ನು ಬಿಟ್ಟಳು, ಕಿಟಕಿ ಒರೆಸುವುದನ್ನು ಬಿಟ್ಟಳು. ಬೆಳಗ್ಗೆ ಎದ್ದು ಬಾಗಿಲು ದಾಟಲು ಅವಳಿಗೆ ಉಳಿದಿದ್ದ ಕಾರಣ ಆ ಮೂಲೆಗಳು ಮಾತ್ರ. ಅವು ಮಾತ್ರ ಮೊದಲಿನಷ್ಟೇ ಚೂಪಾಗಿದ್ದವು.

ಒಮ್ಮೆ ಟೀ ಹೊತ್ತಿನಲ್ಲಿ ಅವಳು ಹಬೆಯಾಡುವ ಲೋಟವನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಅದನ್ನು ಮುಟ್ಟಿದ ನಾನು ಕೈ ಕೊಡವಿಕೊಂಡೆ.

"ಸುಡಲ್ವೇನೇ ನಿಂಗೆ?"

"ಹೆಬ್ಬೆರಳು, ಪಕ್ಕದ ಬೆರಳು, ಎರಡೂ ಜೋಮು ಹಿಡಿದ ಹಾಗಿದೆ. ಮೂರ್ನಾಲ್ಕು ತಿಂಗಳಾಯ್ತು. ಡಾಕ್ಟರಿಗೆ ತೋರಿಸ್ದೆ. ನರ ಹೋಗಿದೆಯಂತೆ, ವಾಪಸ್ ಬರಲ್ವಂತೆ." ಬೇರೆ ಯಾರದೋ ಕೈಯ ವಿಷಯ ಹೇಳುವ ಹಾಗೆ ಹೇಳಿದಳು. "ಯಾರ ಹತ್ರನೂ ಬಾಯಿ ಬಿಡಬೇಡ."

ಹಿಂದಿನ ವರ್ಷ ಕೈ ನಡುಗಲು ಶುರುವಾದ ಒಬ್ಬಳನ್ನು ಯಜಮಾನತಿ ಪ್ಯಾಕಿಂಗಿಗೆ ಹಾಕಿದ್ದರು. ಒಳ್ಳೆಯ ಹೆಂಗಸೇ, ಬೈಯಲಿಲ್ಲ, ಸಂಬಳ ಇಳಿಸಲಿಲ್ಲ. ಆದರೆ ಬೇರೆಯವರ ಮೂಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತ ಕೂರುವುದೆಂದರೆ ಅಕ್ಕನಿಗೆ ಇದ್ದೊಂದು ಕಾರಣವೂ ಹೋದ ಹಾಗೆ. ನಾನು ಬಾಯಿ ಬಿಡಲಿಲ್ಲ.

ಒಂದು ದಿನ ಬಿಳಿ ರಜಾಯಿಯೊಂದನ್ನು ನಾವಿಬ್ಬರೂ ಸೇರಿ ಹೊಲಿದೆವು. ಎರಡು ಮೂಲೆ ಅಕ್ಕನವು, ಎರಡು ನನ್ನವು. ಮುಗಿದ ಮೇಲೆ ಯಜಮಾನತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಟ್ಟಿಯ ಮೇಲೆ ಸಾಸಿವೆಯಷ್ಟು ರಕ್ತ.

"ಯಾರದಿದು?"

ಹೊಲಿಯುವವರಿಗೆ ಸೂಜಿ ಚುಚ್ಚುವುದು ದೊಡ್ಡ ವಿಷಯವಲ್ಲ. ಚುರುಕ್ಕೆನ್ನುತ್ತದೆ, ಕೈ ಎಳೆದುಕೊಳ್ಳುತ್ತೇವೆ, ಬಟ್ಟೆಗೆ ತಾಗುವ ಮೊದಲೇ ಒರೆಸಿಕೊಳ್ಳುತ್ತೇವೆ. ಚುಚ್ಚಿದ್ದೇ ಗೊತ್ತಾಗದವರ ರಕ್ತ ಮಾತ್ರ ಹೀಗೆ ಉಳಿಯುತ್ತದೆ. ಅಕ್ಕ ತಲೆ ಎತ್ತಲಿಲ್ಲ.

"ನಂದೇ ಅಮ್ಮ," ಎಂದೆ, ಹಿಂದೆ ಮುಂದೆ ನೋಡದೆ. "ಮಾತಾಡ್ತಾ ಹೊಲೀತಿದ್ದೆ."

"ಮಾತು ನಿಂದು ಅಂದ್ರೆ ನಂಬಬಹುದು. ತಗೋ, ನೀನೇ ತೆಗಿ."

ನನ್ನ ದಡ್ಡತನ ಹೊಳೆದದ್ದು ಆಗಲೇ. ರಕ್ತದ ಕಲೆ ಹೋಗುವುದು ಅದನ್ನು ಸುರಿಸಿದವರ ಎಂಜಲಿಗೆ ಮಾತ್ರ ಎಂದು ನಮ್ಮ ಕಾರ್ಖಾನೆಯ ಪ್ರತಿಯೊಬ್ಬಳೂ ನಂಬುತ್ತಾಳೆ. ಬಿಳಿ ದಾರದ ಉಂಡೆಯೊಂದನ್ನು ಬಾಯಲ್ಲಿ ನೆನೆಸಿ ಕಲೆಯ ಮೇಲೆ ಒತ್ತಬೇಕು. ಅದರಲ್ಲಿ ನಿಜವೆಷ್ಟೋ ಸುಳ್ಳೆಷ್ಟೋ ನನಗೆ ಗೊತ್ತಿಲ್ಲ. ನಾನು ದಾರ ಅಗಿದೆ, ಒತ್ತಿದೆ, ಉಜ್ಜಿದೆ. ಜಪ್ಪಯ್ಯ ಅಂದರೂ ಕಲೆ ಕದಲಲಿಲ್ಲ. ಮಿಷನ್‌ಗಳು ಒಂದೊಂದಾಗಿ ನಿಂತವು.

ಅಕ್ಕ ಎದ್ದು ಬಂದು ನನ್ನ ಕೈಯಿಂದ ರಜಾಯಿ ತೆಗೆದುಕೊಂಡಳು. ದಾರ ಅಗಿದು ಮೂರು ಸಲ ಒತ್ತಿದಳು. ಕಲೆ ಹೋಯಿತು.

ಯಜಮಾನತಿ ಅವಳ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಹತ್ತಾರು ಸಣ್ಣ ತೂತುಗಳು, ಕೆಲವು ಹಳೆಯವು, ಕೆಲವು ಇನ್ನೂ ಹಸಿ.

"ಇಷ್ಟು ಚುಚ್ಚಿದ್ರೂ ಗೊತ್ತಾಗ್ಲಿಲ್ವಾ?"

"ಇಲ್ಲಮ್ಮ."

"ನಾಳೆಯಿಂದ ಪ್ಯಾಕಿಂಗ್ ನೋಡ್ಕೋ," ಎಂದರು ಯಜಮಾನತಿ, ಮೆಲ್ಲಗೆ. "ನಿನ್ನ ಜಾಗದಲ್ಲಿ ತಂಗಿ ಕೂರಲಿ."

"ಆಗ್ಲಿ," ಎಂದಳು ಅಕ್ಕ. ಮುಖದಲ್ಲಿ ಏನೂ ಇರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಕಲೆಯನ್ನು ಸೋಪು ಹಾಕಿ ತೊಳೆದು ಎಲ್ಲರೂ ಮರೆಯುತ್ತಿದ್ದರೇನೋ. ಉಳಿಸಲು ಹೋಗಿ ನಾನೇ ಕೆಡಿಸಿದೆ. ಮರುದಿನ ಅವಳ ಕುರ್ಚಿಯಲ್ಲಿ ಕೂತು ಮೊದಲ ಮೂಲೆ ಹಿಡಿದಾಗ ದುಃಖ ತಡೆಯಲಾಗಲಿಲ್ಲ. ಕಣ್ಣು ತುಂಬಿ ಮಡಿಕೆಯೇ ಕಾಣದಾಯಿತು. ಪ್ಯಾಕಿಂಗ್ ಮೇಜಿನಿಂದ ಅಕ್ಕ ಎದ್ದು ಬಂದಳು.

"ಯಾಕೇ ಅಳ್ತಿದ್ದೀಯ? ಸೂಜಿ ಚುಚ್ತಾ?"

"ಹೂಂ," ಎಂದೆ.

ಅವಳು ನನ್ನ ಎಡಗೈ ಹೆಬ್ಬೆರಳನ್ನು ತನ್ನ ಬಲಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತೂತು ಕಾಣಲಿಲ್ಲ. ಉಗುರು ಊರಿ ಗಟ್ಟಿಯಾಗಿ ಒತ್ತಿದಳು.

"ನೋವಾಗುತ್ತಾ?"

"ಆಗುತ್ತೆ."

"ಆಗ್ಬೇಕು," ಎಂದಳು ಅಕ್ಕ. "ಹೊಲಿ."